ಕಾರ್ಟೂನಿನ ಪಾದ್ರಿ ಯಾವ ಸಭೆಯವರು?

ಪ್ರಶ್ನೆ: ನಾವು ಮಂಗಳೂರಿನ ಕಥೋಲಿಕ ಕುಟುಂಬದವರು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ರಾತ್ರಿ ಹೊತ್ತು ಅಮೆರಿಕದ ಕಾರ್ಟೂನ್ ಹಾಸ್ಯ ಸರಣಿಗಳನ್ನು ನೋಡುತ್ತಾನೆ. ನಾನು ಇಣುಕಿದಾಗಲೆಲ್ಲ ಅಲ್ಲೊಬ್ಬ ಪಾದ್ರಿ ಬೇಸರದಿಂದ ಪ್ರಸಂಗ ಓದುತ್ತಲೋ, ಭಕ್ತರನ್ನು ಕಂಡು ಮುಖ ಸಿಂಡರಿಸುತ್ತಲೋ, ಅದಕ್ಕಿಂತ ಕೆಟ್ಟದ್ದನ್ನು ಮಾಡುತ್ತಲೋ ಇರುತ್ತಾನೆ. ಕ್ರೈಸ್ತರೇ ಹೆಚ್ಚಿರುವ ದೇಶದಲ್ಲಿ ಕ್ರೈಸ್ತ ಗುರುಗಳನ್ನು ಹೀಗೇಕೆ ತೋರಿಸುತ್ತಾರೆ? ಇದು ಧರ್ಮನಿಂದೆಯಲ್ಲವೇ? ಹತ್ತು ವರ್ಷದ ಮಗಳೂ ಈಗ ಅಣ್ಣನ ಪಕ್ಕ ಕೂರತೊಡಗಿದ್ದಾಳೆ. ತಡೆಯಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ‘ಪಾದ್ರಿ’ ಎಂಬ ಒಂದೇ ಮಾತು ಹಲವು ಬಗೆಯ ಜನರನ್ನು ಹೊತ್ತುಕೊಂಡಿದೆ. ಪೋರ್ಚುಗೀಸರಿಂದ ನಮಗೆ ಬಂದ ಆ ಪದವನ್ನು ಕನ್ನಡಿಗರು ನಿಲುವಂಗಿ ತೊಟ್ಟವರಿಗೆಲ್ಲ ಅನ್ವಯಿಸುತ್ತೇವೆ. ಆದರೆ ನಿಮ್ಮ ಧರ್ಮಕೇಂದ್ರದ ಗುರುಗಳು ಬೇರೆ, ಪ್ರೊಟೆಸ್ಟಂಟರ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ದೇವಾಲಯದ ಸಭಾಪಾಲಕರು ಬೇರೆ ಎಂಬುದು ಮಂಗಳೂರಿನವರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಬ್ಬರು ಬ್ರಹ್ಮಚಾರಿಗಳು, ಧರ್ಮಾಧ್ಯಕ್ಷರ (ಬಿಷಪ್ಪರ) ಆಜ್ಞೆಗೆ ಒಳಪಟ್ಟವರು. ಇನ್ನೊಬ್ಬರಿಗೆ ಹೆಂಡತಿ ಮಕ್ಕಳಿದ್ದಾರೆ, ಸಂಬಳವಿದೆ, ಎದುರಿಗೆ ಲೆಕ್ಕ ಕೇಳುವ ಸಮಿತಿಯೊಂದಿದೆ. ನೀವು ಹೆಸರಿಸದಿದ್ದರೂ ವಿವರಗಳಿಂದ ನಾನು ಊಹಿಸಿದ ಸರಣಿಗಳನ್ನು ಬರೆದವರು ಈ ವ್ಯತ್ಯಾಸವನ್ನು ಬಹಳ ಚೆನ್ನಾಗಿ ಬಲ್ಲವರು. ಅವರ ನಗೆ ಬಹುಪಾಲು ಹುಟ್ಟುವುದೇ ಅಲ್ಲಿಂದ. ಆದ್ದರಿಂದ ಧರ್ಮನಿಂದೆಯೇ ಎಂದು ಕೇಳುವ ಮೊದಲು, ಪರದೆಯ ಮೇಲಿರುವವನು ಯಾವ ಸಭೆಯ, ಅಂದರೆ ಯಾವ ಕ್ರೈಸ್ತ ಪಂಗಡದ ಪಾದ್ರಿ, ನಗೆ ಅವನ ಯಾವ ಭಾಗಕ್ಕೆ ತಾಗುತ್ತಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬೇಸರದಿಂದ ಪ್ರಸಂಗ ಓದುವ ಪಾದ್ರಿ ಎಂದರೆ ಅದು ಬಹುತೇಕ ‘ದಿ ಸಿಂಪ್ಸನ್ಸ್’ ಸರಣಿಯ ರೆವರೆಂಡ್ ಲವ್‌ಜಾಯ್ ಆಗಿರಬೇಕು. 1989ರ ಡಿಸೆಂಬರಿನಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿರುವ ಈ ಸರಣಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿದೆ, ಊರಿಗೊಂದು ಚರ್ಚಿದೆ, ಭಾನುವಾರ ಬಂತೆಂದರೆ ಎಲ್ಲರೂ ಅಲ್ಲಿ ಸಾಲಾಗಿ ಕೂತು ತೂಕಡಿಸುತ್ತಾರೆ. ಅಮೆರಿಕದ ಟಿವಿ ಹಾಸ್ಯ ಕುಟುಂಬಗಳು ಚರ್ಚಿನತ್ತ ತಲೆ ಹಾಕುವುದೇ ಅಪರೂಪವಾಗಿದ್ದ ಕಾಲದಲ್ಲಿ, ವಾರಕ್ಕೊಮ್ಮೆ ತಪ್ಪದೆ ಪ್ರಾರ್ಥನೆಗೆ ಹೋಗುವ ಕುಟುಂಬವನ್ನು ತೋರಿಸಿದ್ದು ಈ ‘ಅಪಚಾರದ’ ಕಾರ್ಟೂನು ಎಂಬುದನ್ನು ಗಮನಿಸಿ. ಲವ್‌ಜಾಯ್‌ಗೆ ಹೆಂಡತಿ ಹೆಲೆನ್ ಇದ್ದಾಳೆ, ಊರ ಸುದ್ದಿಯೆಲ್ಲ ಅವಳ ನಾಲಗೆಯ ಮೇಲೆ. ಒಬ್ಬ ಮಗಳಿದ್ದಾಳೆ, ಅವಳು ಅಪ್ಪನ ಕಾಣಿಕೆ ತಟ್ಟೆಯಿಂದಲೇ ಹಣ ಕದಿಯುವ ಚಾಲಾಕಿ. ಅವನಿಗಿರುವ ನಿಜವಾದ ಪ್ರೀತಿ ಆಟಿಕೆ ರೈಲುಗಳ ಮೇಲೆ. ಇವು ಯಾವುವೂ ಕಥೋಲಿಕ ಗುರುವಿನ ಬಗ್ಗೆ ಬರೆಯಬಹುದಾದ ಹಾಸ್ಯಗಳಲ್ಲ. ಉದ್ಯೋಗವಾಗಿ ಮಾರ್ಪಟ್ಟ ಸೇವೆಯ ಕುರಿತಾದ, ಪ್ರೊಟೆಸ್ಟಂಟ್ ಮನೆಯೊಳಗಿನ ಹಾಸ್ಯಗಳು ಅವು.

ಆ ಚರ್ಚಿನ ಪಂಥದ ಹೆಸರೇ ಒಂದು ವಿನೋದ. ಪ್ರೆಸ್‌ಬಿಟೀರಿಯನ್ ಮತ್ತು ಲೂಥರನ್ ಎಂಬ ಎರಡು ಪ್ರೊಟೆಸ್ಟಂಟ್ ಪಂಥಗಳನ್ನೂ ಒಟ್ಟಿಗೆ ಅರೆದು ‘ಪ್ರೆಸ್‌ಬಿಲೂಥರನ್’ ಎಂದು ಇಟ್ಟಿದ್ದಾರೆ. ಅಮೆರಿಕದ ಪ್ರೇಕ್ಷಕನಿಗೆ ಇದು ಅಸಂಭವವಾದ ಬೆರಕೆಯಾಗಿ ಕಂಡು ನಗು ಬರುತ್ತದೆ. ನಮ್ಮ ಕರಾವಳಿಯವರಿಗೆ ಅಷ್ಟು ನಗು ಬರಬೇಕಾಗಿಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಲೂಥರನ್ ಪರಂಪರೆಯನ್ನೂ ಪ್ರೆಸ್‌ಬಿಟೀರಿಯನ್ನರು ಸೇರುವ ರಿಫಾರ್ಮ್ಡ್ ಪರಂಪರೆಯನ್ನೂ ಕೂಡಿಸಿಕೊಂಡಿದ್ದ ಸಂಸ್ಥೆಯೇ ಆಗಿತ್ತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಂತೂ ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್‌ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳನ್ನು ಒಂದೇ ಮಾಡಿನಡಿ ತಂದಿತು. ಅಮೆರಿಕದ ಕಾರ್ಟೂನು ತಮಾಷೆಗೆ ಕಲ್ಪಿಸಿದ್ದನ್ನು ನಮ್ಮವರು ಗಂಭೀರವಾಗಿಯೇ ಮಾಡಿ ಮುಗಿಸಿದ್ದರು.

ಲವ್‌ಜಾಯ್ ಏಕೆ ಹಾಗೆ ಎಂಬುದಕ್ಕೆ ಸರಣಿಯೇ 1997ರ ಒಂದು ಕಂತಿನಲ್ಲಿ ಕಾರಣ ಕೊಡುತ್ತದೆ. ಎಪ್ಪತ್ತರ ದಶಕದಲ್ಲಿ ಅವನು ಹುರುಪು ತುಂಬಿದ ಯುವಕನಾಗಿ ಆ ಊರಿಗೆ ಬಂದವನು. ಬಂದ ಸ್ವಲ್ಪ ಕಾಲದಲ್ಲೇ ನೆಡ್ ಫ್ಲ್ಯಾಂಡರ್ಸ್ ಎಂಬ ಅತಿಭಕ್ತ ಅವನಿಗೆ ಗಂಟುಬೀಳುತ್ತಾನೆ. ಇದು ಪಾಪವೇ, ಅದು ಪಾಪವೇ ಎಂದು ಹೊತ್ತಲ್ಲದ ಹೊತ್ತಿನಲ್ಲಿ ಬರುವ ಅವನ ಫೋನ್ ಕರೆಗಳಿಗೆ ಉತ್ತರಿಸಿ ಉತ್ತರಿಸಿ ಪಾದ್ರಿಯ ಒಳಗಿನ ದೀಪ ನಂದಿಹೋಗುತ್ತದೆ. ಕೊನೆಗೆ ತಾನು ಚಿಂತಿಸುವುದನ್ನೇ ಬಿಟ್ಟೆ, ಪುಣ್ಯಕ್ಕೆ ಅಷ್ಟು ಹೊತ್ತಿಗೆ ಎಂಬತ್ತರ ದಶಕ ಬಂದಿತ್ತಾದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ ಎನ್ನುತ್ತಾನೆ. ಈ ಮಾತಿನಲ್ಲಿ ಅರ್ಧ ವಿನೋದ, ಅರ್ಧ ಅಮೆರಿಕದ ಸಾಮಾಜಿಕ ಚರಿತ್ರೆ. ಅದೇ ಕಂತಿನಲ್ಲಿ ಸಿಂಪ್ಸನ್ ಕುಟುಂಬದ ತಾಯಿ ಮಾರ್ಜ್ ಚರ್ಚಿನ ಫೋನ್ ಎತ್ತಿಕೊಂಡು ಜನರ ಕಷ್ಟ ಕೇಳತೊಡಗಿದಾಗ ಊರೆಲ್ಲ ಅವಳ ಕಡೆಗೆ ವಾಲುತ್ತದೆ. ತನ್ನ ಅಗತ್ಯವೇ ಯಾರಿಗೂ ಇಲ್ಲವೆಂಬ ಲವ್‌ಜಾಯ್‌ನ ಕೊರಗನ್ನು ಬರೆದವರು ಸಣ್ಣದು ಮಾಡಿ ತೋರಿಸಿಲ್ಲ. ಕೊನೆಗೆ ಮೃಗಾಲಯದಲ್ಲಿ ಬಬೂನ್ ಕೋತಿಗಳ ಕೈಗೆ ಸಿಕ್ಕಿದ ಅದೇ ಫ್ಲ್ಯಾಂಡರ್ಸ್‌ನನ್ನು ಬಿಡಿಸಲು ಧಾವಿಸುವುದು ಲವ್‌ಜಾಯ್. ಮರು ಭಾನುವಾರ ಆ ಕೋತಿಗಳ ಕಥೆಯನ್ನೇ ಅವನು ಪ್ರಸಂಗವಾಗಿ ಹೇಳುವಾಗ ಸಭೆಯಲ್ಲಿ ಒಬ್ಬರೂ ನಿದ್ದೆ ಮಾಡುವುದಿಲ್ಲ.

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಇಪ್ಪತ್ತು ವರ್ಷ ಒಂದೇ ಕಡೆ ದುಡಿದ ಧರ್ಮಗುರುವಿನ ದಣಿವನ್ನು ಇಪ್ಪತ್ತೆರಡು ನಿಮಿಷದಲ್ಲಿ ಇಷ್ಟು ಚೆನ್ನಾಗಿ ಹೇಳಿದ ಗಂಭೀರ ನಾಟಕವನ್ನು ನಾನು ಕಂಡಿಲ್ಲ. ಗೇಲಿ ಇದೆ, ನಿಜ. ಆದರೆ ಚರ್ಚಿನ ಬೆಂಚಿನ ಮೇಲೆ ಕೂತು ಬೆಳೆದವರಿಗಷ್ಟೇ ಹೊಳೆಯುವ ಗೇಲಿ ಅದು. ಇನ್ನೊಂದು ಕಂತಿನಲ್ಲಿ ಬಿರುಗಾಳಿಗೆ ಊರಲ್ಲಿ ಫ್ಲ್ಯಾಂಡರ್ಸ್‌ನ ಮನೆಯೊಂದೇ ನೆಲಸಮವಾಗುತ್ತದೆ. ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡ ಬೈಬಲಿನ ಯೋಬನಿಗೆ ಬಂದಂಥ ಸಂಕಟ. ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆಯೇ ಎಂದು ಅವನು ಕೇಳಿದರೆ, ಚಿಕ್ಕ ಉತ್ತರ ಬೇಕಿದ್ದರೆ ‘ಹೌದು, ಒಂದು ವೇಳೆ...’ ಎಂದೂ ದೊಡ್ಡ ಉತ್ತರ ಬೇಕಿದ್ದರೆ ‘ಇಲ್ಲ, ಆದರೆ...’ ಎಂದೂ ಲವ್‌ಜಾಯ್ ಜಾರಿಕೊಳ್ಳುತ್ತಾನೆ. ದೇವಶಾಸ್ತ್ರ ಓದಿದ ನನ್ನ ಗೆಳೆಯರು ಈ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ದೇವರ ವಿಷಯಕ್ಕೆ ಬಂದಾಗ ಇದೇ ಸರಣಿಯ ಧೋರಣೆ ಬದಲಾಗುವುದನ್ನು 1992ರ ಅಕ್ಟೋಬರಿನ ಒಂದು ಕಂತಿನಲ್ಲಿ ಕಾಣಬಹುದು. ಚಳಿಯ ಭಾನುವಾರ ಚರ್ಚಿಗೆ ಚಕ್ಕರ್ ಹಾಕಿ ಮನೆಯಲ್ಲೇ ಉಳಿದ, ಮಾರ್ಜ್‌ಳ ಗಂಡ ಹೋಮರ್‌ನ ಕನಸಿನಲ್ಲಿ ದೇವರು ಬರುತ್ತಾನೆ, ಸಿಟ್ಟಿನಿಂದ ಮಾತು ತೆಗೆದು ಕೊನೆಗೆ ಅವನ ವಾದವನ್ನು ತಕ್ಕಮಟ್ಟಿಗೆ ಒಪ್ಪಿಯೂ ಬಿಡುತ್ತಾನೆ. ಸ್ಪ್ರಿಂಗ್‌ಫೀಲ್ಡಿನ ಪ್ರತಿಯೊಬ್ಬನಿಗೂ ಕೈಗೆ ನಾಲ್ಕೇ ಬೆರಳು, ದೇವರಿಗೆ ಮಾತ್ರ ಐದು. ಮುಂದೆ ಹೋಮರ್‌ನ ಮನೆಗೆ ಬೆಂಕಿ ಬೀಳುತ್ತದೆ. ಉರಿಯೊಳಕ್ಕೆ ನುಗ್ಗಿ ಅವನನ್ನು ಹೊರಗೆಳೆಯುವವನು ಫ್ಲ್ಯಾಂಡರ್ಸ್. ದೇವರೇ ಬೆಂಕಿ ಇಟ್ಟನೇ ಎಂಬ ಮಾತು ಬಂದಾಗ ಲವ್‌ಜಾಯ್, ಇಲ್ಲ, ನೆರವಿಗೆ ಓಡಿಬಂದ ನೆರೆಹೊರೆಯವರ ಹೃದಯಗಳಲ್ಲಿ ದೇವರು ಕೆಲಸ ಮಾಡುತ್ತಿದ್ದ ಎಂದು ವಿವರಿಸುತ್ತಾನೆ. ಆ ನೆರೆಯವರನ್ನು ಒಬ್ಬೊಬ್ಬರಾಗಿ ತೋರಿಸುತ್ತ ಕ್ರೈಸ್ತ, ಯೆಹೂದಿ ಎಂದು ಹೇಳಿ, ಭಾರತದಿಂದ ಬಂದ ಅಂಗಡಿಯ ಅಪೂ ಎದುರು ತಡವರಿಸಿ ‘ಇತರೆ’ ಎಂದು ಸೇರಿಸುತ್ತಾನೆ. ನಾವು ಹಿಂದೂಗಳು, ಎಪ್ಪತ್ತು ಕೋಟಿ ಜನ ಇದ್ದೇವೆ ಎಂದು ಅಪೂ ಕೆರಳಿದರೆ, ಮಗುವನ್ನು ಮೆಚ್ಚಿಸುವ ದನಿಯಲ್ಲಿ ‘ಓಹೋ, ಭೇಷ್’ ಎಂದು ಮುಂದೆ ಸಾಗುತ್ತಾನೆ. ಇಲ್ಲಿ ಒಂದೇ ಪಾತ್ರದ ಬಾಯಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಯಾವ ಗುರುವೂ ನಿಜವಾಗಿ ಹೇಳಬಹುದಾದ ಒಳ್ಳೆಯ ಪ್ರಬೋಧನೆ, ಎರಡನೆಯದು ಆ ಗುರುವಿನ ಊರಿನ ಅಜ್ಞಾನ. ನಗೆ ತಾಗಿದ್ದು ಎರಡನೆಯದಕ್ಕೆ ಮಾತ್ರ.

ಈ ವ್ಯತ್ಯಾಸವನ್ನು ಚರ್ಚಿನ ಹಿರಿಯರೂ ಗುರುತಿಸಿದ್ದಾರೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯ ಗುರುವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ರೋವನ್ ವಿಲಿಯಮ್ಸ್ ಈ ಸರಣಿಯ ಬಹಿರಂಗ ಅಭಿಮಾನಿ. ವ್ಯಾಟಿಕನ್ನಿನ ಪತ್ರಿಕೆ ‘ಲೊಸ್ಸೆರ್ವತೋರೆ ರೊಮಾನೊ’ ಸರಣಿಗೆ ಇಪ್ಪತ್ತು ತುಂಬಿದಾಗ ಹೊಗಳಿ ಬರೆಯಿತು. ಮುಂದೆ 2010ರಲ್ಲಿ ಹೋಮರ್ ಮತ್ತು ಅವನ ಮಗ ಬಾರ್ಟ್ ಕಥೋಲಿಕರೇ ಎಂದು ಅದು ಹಕ್ಕು ಸಾಧಿಸಹೊರಟಾಗ, ಇಲ್ಲ, ಅವರು ಹೋಗುವುದು ಪ್ರೆಸ್‌ಬಿಲೂಥರನ್ ಚರ್ಚಿಗೆ ಎಂದು ಸರಣಿಯ ನಿರ್ಮಾಪಕರೇ ತಿದ್ದಬೇಕಾಯಿತು.

ಸಿಂಪ್ಸನ್ಸ್‌ನಷ್ಟು ಪ್ರಸಿದ್ಧವಲ್ಲದಿದ್ದರೂ ನನಗೆ ಹೆಚ್ಚು ಹತ್ತಿರವಾದದ್ದು ‘ಕಿಂಗ್ ಆಫ್ ದ ಹಿಲ್’. ಟೆಕ್ಸಸ್‌ನ ಆರ್ಲೆನ್ ಎಂಬ ಕಲ್ಪಿತ ಊರು, ಅಡುಗೆ ಅನಿಲ ಮಾರುವ ಹ್ಯಾಂಕ್ ಹಿಲ್, ಅವನ ಮೆಥೋಡಿಸ್ಟ್ ಚರ್ಚು. 1999ರ ಒಂದು ಕಂತಿನಲ್ಲಿ ಅಲ್ಲಿಗೆ ಹೊಸ ಸಭಾಪಾಲಕಿಯಾಗಿ ಮಿನೆಸೋಟಾದ ಕ್ಯಾರೆನ್ ಸ್ಟ್ರೂಪ್ ಬರುತ್ತಾಳೆ. ಅಮೆರಿಕದ ಮೆಥೋಡಿಸ್ಟರು 1956ರಲ್ಲೇ ಮಹಿಳೆಯರಿಗೆ ಪೂರ್ಣ ದೀಕ್ಷೆಯ ಹಕ್ಕು ಕೊಟ್ಟಿದ್ದರು. ಆದರೂ ಊರಿನವರ ಹುಬ್ಬು ಏರುತ್ತದೆ. ಅವಳು ತನ್ನ ಸೀಮೆಯ ಲೂಟಫಿಸ್ಕ್ ಎಂಬ, ಕ್ಷಾರದಲ್ಲಿ ನೆನೆಸಿದ ಒಣಮೀನಿನ ಖಾದ್ಯವನ್ನು ತಂದಿಡುತ್ತಾಳೆ. ಅದರ ವಾಸನೆಯಿಂದಾದ ಅನಾಹುತದಲ್ಲಿ ಚರ್ಚೇ ಸುಟ್ಟುಹೋಗುವಲ್ಲಿಗೆ ಕಥೆ ಮುಟ್ಟುತ್ತದೆ. ಒಣಮೀನಿನ ವಾಸನೆ ನೆರೆಹೊರೆಯಲ್ಲಿ ಏನೆಲ್ಲ ಮಾಡಬಲ್ಲದು ಎಂದು ಕರಾವಳಿಯವರಿಗೆ ಯಾರೂ ವಿವರಿಸಬೇಕಿಲ್ಲ. ಈ ಸರಣಿಯಲ್ಲಿ ಸಭಾಪಾಲಕಿ ನಗೆಪಾಟಲಿನ ವಸ್ತುವಲ್ಲ, ಹೊಸ ಊರಿನ ರೀತಿನೀತಿ ಕಲಿಯುತ್ತಿರುವ ಒಬ್ಬ ಮನುಷ್ಯಳು. ನಗೆಯ ಭಾರವನ್ನೆಲ್ಲ ಹೊರುವವರು ಬೆಂಚಿನ ಮೇಲೆ ಕೂತವರು.

ಇದೇ ಸರಣಿಯ 2003ರ ಕಂತೊಂದರಲ್ಲಿ ಹ್ಯಾಂಕ್‌ನ ಮಗ ಬಾಬಿ, ಸ್ಕೇಟ್‌ಬೋರ್ಡ್ ಆಡುತ್ತ ರಾಕ್ ಸಂಗೀತದೊಂದಿಗೆ ಸುವಾರ್ತೆ ಸಾರುವ, ಮೈಮೇಲೆ ಹಚ್ಚೆ ಹಾಕಿಸಿಕೊಂಡ ಯುವ ಪಾದ್ರಿಯ ಹಿಂದೆ ಹೋಗುತ್ತಾನೆ. ನೀನು ಕ್ರೈಸ್ತಧರ್ಮವನ್ನು ಉತ್ತಮಪಡಿಸುತ್ತಿಲ್ಲ, ರಾಕ್ ಸಂಗೀತವನ್ನು ಕೆಡಿಸುತ್ತಿದ್ದೀಯೆ ಅಷ್ಟೆ ಎಂದು ಹ್ಯಾಂಕ್ ಆ ಪಾದ್ರಿಗೆ ಹೇಳುವ ಮಾತು ಅಮೆರಿಕದ ಚರ್ಚುಗಳಲ್ಲೇ ಗಾದೆಯಂತೆ ಓಡಾಡುತ್ತದೆ. ಬಳಿಕ ಅವನು ಮಗನಿಗೆ ಒಂದು ಪೆಟ್ಟಿಗೆ ತೆರೆದು ತೋರಿಸುತ್ತಾನೆ. ಒಂದು ಕಾಲಕ್ಕೆ ಹುಚ್ಚೆದ್ದು ಕೊಂಡು ಆಮೇಲೆ ಬಾಬಿಗೆ ನಾಚಿಕೆ ತರಿಸಿದ ಆಟಿಕೆ, ಉಡುಪುಗಳು ಅದರಲ್ಲಿವೆ. ದೇವರೂ ಈ ಪೆಟ್ಟಿಗೆಗೆ ಸೇರಬಾರದು ಎಂಬುದು ಅಪ್ಪನ ಆತಂಕ. ಗೇಲಿಗೆ ಒಳಗಾದವನು ಪಾದ್ರಿಯೇ, ಆದರೆ ಗೇಲಿ ಮಾಡಿದ್ದು ಭಕ್ತಿಯ ಪರವಾಗಿ.

‘ಮಾರಲ್ ಓರೆಲ್’ ಇದಕ್ಕಿಂತ ಕಟುವಾದದ್ದು. 1960ರ ದಶಕದಲ್ಲಿ ಅಮೆರಿಕದ ಲೂಥರನ್ ಸಭೆ ತನ್ನ ಹಣದಿಂದಲೇ ‘ಡೇವಿ ಆ್ಯಂಡ್ ಗೋಲಿಯತ್’ ಎಂಬ ಬೊಂಬೆ ಅನಿಮೇಷನ್ ಸರಣಿ ಮಾಡಿಸಿತ್ತು. ಒಬ್ಬ ಹುಡುಗ, ಮಾತಾಡುವ ಒಂದು ನಾಯಿ, ಕೊನೆಗೊಂದು ನೀತಿ. 2005ರಿಂದ 2008ರವರೆಗೆ ಬಂದ ‘ಮಾರಲ್ ಓರೆಲ್’ ಅದೇ ಬಗೆಯ ಬೊಂಬೆಗಳನ್ನು, ಅದೇ ಮುಗ್ಧ ಬಣ್ಣಗಳನ್ನು ಬಳಸಿ ಅದನ್ನು ಬುಡಮೇಲು ಮಾಡಿತು. ಓರೆಲ್ ಎಂಬ ಹುಡುಗ ಭಾನುವಾರದ ಪ್ರಸಂಗವನ್ನು ಅಕ್ಷರಶಃ ಪಾಲಿಸಹೋಗಿ ಅನಾಹುತ ಮಾಡಿಕೊಳ್ಳುತ್ತಾನೆ. ಅಪ್ಪ ಬೆಲ್ಟಿನಿಂದ ಬಾರಿಸಿ ತಪ್ಪು ಪಾಠ ಹೇಳುತ್ತಾನೆ. ಆ ಊರಿನ ರೆವರೆಂಡ್ ಪುಟ್ಟಿ ಒಂಟಿತನದಿಂದ ಕಹಿಯಾದವನು. ಮೊದಮೊದಲು ಇದು ಚರ್ಚಿನ ಮೇಲಿನ ಸೇಡಿನಂತೆ ಕಾಣುತ್ತದೆ. ಮೂರನೆಯ ಭಾಗದ ಹೊತ್ತಿಗೆ ನಗೆ ಬಹುಮಟ್ಟಿಗೆ ಹಿಂದೆ ಸರಿದು, ಕಪಟವೇ ನೀತಿಯಾದ ಊರಿನಲ್ಲಿ ನಿಜವಾಗಿ ನಂಬುವ ಒಬ್ಬನೇ ಒಬ್ಬ ಬಾಲಕನ ದುರಂತವಾಗುತ್ತದೆ. ಪುಟ್ಟಿಗೂ ಒಬ್ಬ ಮಗಳು ಸಿಕ್ಕಿ, ಅವಳೊಂದಿಗಿನ ಸಂಬಂಧದಲ್ಲಿ ಅವನು ಮೆಲ್ಲನೆ ಮನುಷ್ಯನಾಗುತ್ತಾನೆ. ಓರೆಲ್‌ನ ಭಕ್ತಿಯನ್ನು ಸರಣಿ ಕೊನೆಯವರೆಗೂ ಹೀಯಾಳಿಸುವುದಿಲ್ಲ ಎಂಬುದು ನನ್ನ ಓದು. ಒಪ್ಪದವರು ಬೇಕಾದಷ್ಟಿದ್ದಾರೆ.

ಈಗ ಕಥೋಲಿಕರ ವಿಷಯ. ನೀವು ‘ಅದಕ್ಕಿಂತ ಕೆಟ್ಟದ್ದು’ ಎಂದು ಬರೆದು ಬಿಟ್ಟಿರುವುದು ‘ಸೌತ್ ಪಾರ್ಕ್’ನಲ್ಲಿ ಇರಬೇಕು. 1997ರಲ್ಲಿ ಶುರುವಾದ, ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುವ ಈ ಸರಣಿಯಲ್ಲಿ ಒಂದು ಕಂತು ತಯಾರಾಗುವುದು ಸಾಮಾನ್ಯವಾಗಿ ಆರು ದಿನಗಳಲ್ಲಿ. ಸಿಂಪ್ಸನ್ಸ್‌ನ ಒಂದು ಕಂತಿಗೆ ಹಲವು ತಿಂಗಳು ಬೇಕು. ಹಾಗಾಗಿ ಸಿಂಪ್ಸನ್ಸ್‌ನ ಪಾದ್ರಿ ಯಾವ ಕಾಲಕ್ಕೂ ಸಲ್ಲುವ ಪಾದ್ರಿಯಾದರೆ, ಸೌತ್ ಪಾರ್ಕಿನ ಪಾದ್ರಿ ಈ ವಾರದ ಪತ್ರಿಕೆಯಿಂದ ಎದ್ದುಬಂದವನು. 2002ರ ಜನವರಿಯಲ್ಲಿ ‘ಬೋಸ್ಟನ್ ಗ್ಲೋಬ್’ ಪತ್ರಿಕೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಗುರುಗಳನ್ನು ಧರ್ಮಪ್ರಾಂತ್ಯ ಹೇಗೆ ಊರಿಂದೂರಿಗೆ ವರ್ಗಾಯಿಸಿ ಮುಚ್ಚಿಟ್ಟಿತೆಂದು ಬಯಲಿಗೆಳೆಯಿತು. ಜೂನ್ ತಿಂಗಳಲ್ಲಿ ಅಮೆರಿಕದ ಧರ್ಮಾಧ್ಯಕ್ಷರು ಡಲ್ಲಾಸ್‌ನಲ್ಲಿ ಸೇರಿ ಮಕ್ಕಳ ರಕ್ಷಣೆಗೆ ನಿಯಮಾವಳಿ ರೂಪಿಸಿದರು. ಜುಲೈ 3ರಂದು ಸೌತ್ ಪಾರ್ಕ್‌ನ ಕಂತು ಬಂತು.

ಅದರ ಕೇಂದ್ರದಲ್ಲಿರುವುದು ಆ ಊರಿನ ಕಥೋಲಿಕ ಗುರು ಫಾದರ್ ಮ್ಯಾಕ್ಸಿ. ದೌರ್ಜನ್ಯ ನಿಲ್ಲಿಸೋಣ ಎಂದು ಅವನು ಸಹ ಗುರುಗಳನ್ನು ಕರೆದರೆ, ಮಕ್ಕಳು ದೂರು ಕೊಡದಂತೆ ಮಾಡುವುದು ಹೇಗೆ ಎಂಬುದೇ ಅವರ ಚಿಂತೆ. ಅವನು ವ್ಯಾಟಿಕನ್ನಿಗೇ ಹೋಗುತ್ತಾನೆ. ಅಲ್ಲಿಯೂ ಅದೇ, ಯಾವುದೋ ಹಳೆಯ ಶಾಸನದಲ್ಲಿ ಹಾಗಿದೆ ಎಂಬ ಉತ್ತರ. ಕೊನೆಗೆ ಅವನು ಆ ಶಾಸನವನ್ನೇ ಹರಿದು, ಈ ಕಥೆಗಳು ಇರುವುದು ಜನ ಒಳ್ಳೆಯದಾಗಿ ಬದುಕಲೆಂದು, ನೀವು ಲೋಕದಿಂದ ಕಳಚಿಕೊಂಡು ಅದನ್ನು ಮರೆತಿರಿ ಎಂದು ಬಯ್ಯುತ್ತಾನೆ. ಅತ್ತ ಊರಿನಲ್ಲಿ ಸಿಟ್ಟಿಗೆದ್ದು ನಾಸ್ತಿಕರಾದ ತಂದೆತಾಯಂದಿರನ್ನೂ ಇಲ್ಲಿ ಬರೆಯಲಾಗದ ರೀತಿಯಲ್ಲಿ ಹಾಸ್ಯ ಮಾಡಲಾಗಿದೆ. ಅಸಹ್ಯ ಬೇಕಾದಷ್ಟಿದೆ, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಕಥೆಯ ನಾಯಕ ಯಾರು ಎಂದು ಕೇಳಿದರೆ, ನಿಲುವಂಗಿ ತೊಟ್ಟ ಕಥೋಲಿಕ ಗುರು. ಹೊಡೆತ ಬಿದ್ದದ್ದು ಶ್ರೇಣಿ ವ್ಯವಸ್ಥೆಯ ಮೌನಕ್ಕೆ. ಲವ್‌ಜಾಯ್‌ಗೆ ಇಂಥ ಕಥೆ ಬರೆಯಲಾಗುವುದಿಲ್ಲ, ಏಕೆಂದರೆ ಅವನ ಮೇಲೆ ವ್ಯಾಟಿಕನ್ ಇಲ್ಲ. ಹಾಗೆಯೇ ಹೆಂಡತಿಯ ಚಾಡಿ ಮಾತಿನ ಕಥೆಯನ್ನು ಮ್ಯಾಕ್ಸಿಗೆ ಬರೆಯಲಾಗುವುದಿಲ್ಲ.

ಇದೇ ಸರಣಿ 2005ರ ಡಿಸೆಂಬರ್ 7ರಂದು, ಯೇಸುವಿನ ತಾಯಿ ಮರಿಯಮ್ಮನವರಿಗೆ ಮೀಸಲಾದ ಅಮಲೋದ್ಭವ ಮಾತೆಯ ಹಬ್ಬದ ಮುನ್ನಾದಿನ, ಅವರದೇ ಪ್ರತಿಮೆಯನ್ನು ಅಶ್ಲೀಲವಾಗಿ ಬಳಸಿದ ಕಂತೊಂದನ್ನು ಪ್ರಸಾರ ಮಾಡಿತು. ಅಮೆರಿಕದ ಕಥೋಲಿಕ ಸಂಘಟನೆಗಳು ಪ್ರತಿಭಟಿಸಿದವು. ಮುಂದಿನ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಲ್ಲಿ ಅದು ಪ್ರಸಾರವಾದಾಗ ಅಲ್ಲಿನ ಧರ್ಮಾಧ್ಯಕ್ಷರು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಕುಡಿತ ಬಿಡುವುದಕ್ಕೆ ಪವಾಡ ಬೇಕೇ, ಸ್ವಂತ ಮನೋಬಲ ಸಾಕೇ ಎಂಬುದು ಆ ಕಂತಿನ ವಿಷಯ ಎಂದು ಸಮರ್ಥಕರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಆ ವಿಷಯ ಹೇಳಲು ಆ ಪ್ರತಿಮೆ, ಆ ದಿನ ಬೇಕಿರಲಿಲ್ಲ. ಇಲ್ಲಿ ಅಧಿಕಾರವುಳ್ಳ ಯಾರಿಗೂ ಪೆಟ್ಟು ಬಿದ್ದಿಲ್ಲ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತ್‌ಗೆ ಮಕ್ಕಳ ಕೈಯಲ್ಲಿ ಹೂ ಕೊಟ್ಟು ಇಗರ್ಜಿಗೆ ಕಳಿಸುವ ನಿಮ್ಮಂಥ ತಾಯಂದಿರ ಭಕ್ತಿಗೆ ಪೆಟ್ಟು ಬಿದ್ದಿದೆ. ನಿಮಗೆ ಅದರಿಂದ ನೋವಾದರೆ ನಿಮಗೆ ಹಾಸ್ಯಪ್ರಜ್ಞೆ ಇಲ್ಲ ಎಂದು ಯಾರೂ ಹೇಳಬಾರದು.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ‘ಫ್ಯಾಮಿಲಿ ಗೈ’ನಲ್ಲಿ ಯೇಸು, ದೇವರು, ಪೋಪ್ ಎಲ್ಲರೂ ಬರುತ್ತಾರೆ, ಹತ್ತು ಸೆಕೆಂಡಿನ ಚಟಾಕಿಗೆ ಮುಖ ತೋರಿಸಿ ಹೋಗುತ್ತಾರೆ. ಅಪಚಾರಕ್ಕಿಂತ ಅಲ್ಲಿ ನನಗೆ ಕಾಣುವುದು ಸೋಮಾರಿತನ. ವ್ಯಾಟಿಕನ್ನಿನ ಒಳಗೆ ಬಾಲಿಶ ಪೋಪ್ ಒಬ್ಬನನ್ನು ಕಲ್ಪಿಸಿದ ‘ಪೋಪ್‌ಟೌನ್’ ಸರಣಿಯನ್ನು ಬಿಬಿಸಿ ತಾನೇ ಮಾಡಿಸಿ, ಪ್ರತಿಭಟನೆಯ ನಂತರ 2004ರಲ್ಲಿ ಪ್ರಸಾರ ಮಾಡದೆ ಕೈಬಿಟ್ಟಿತು. ಅದು ಆಮೇಲೆ ನ್ಯೂಜಿಲೆಂಡ್ ಮತ್ತು ಜರ್ಮನಿಯಲ್ಲಿ ಬಂತು. ಇದಕ್ಕೆ ಪೂರ್ತಿ ವಿರುದ್ಧವಾಗಿ 2019ರ ‘ಬ್ಲೆಸ್ ದ ಹಾರ್ಟ್ಸ್’ನಲ್ಲಿ ಹೋಟೆಲಿನಲ್ಲಿ ಬಡಿಸುವ ಬಡ ಹೆಂಗಸೊಬ್ಬಳೊಂದಿಗೆ ಯೇಸು ಹಳೆಯ ಗೆಳೆಯನಂತೆ ಹರಟುತ್ತಾನೆ. ಆ ಯೇಸುವಿಗೆ ದನಿ ಕೊಟ್ಟವರು ಕರಾಚಿಯಲ್ಲಿ ಹುಟ್ಟಿದ ನಟ ಕುಮೈಲ್ ನಂಜಿಯಾನಿ.

ತಡೆಯಬೇಕೇ ಎಂದು ಕೇಳಿದಿರಿ. ಮಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಕಾರ್ಟೂನ್ ಎಂದ ಮಾತ್ರಕ್ಕೆ ಮಕ್ಕಳದಲ್ಲ. 2021ರ ನಿಯಮಗಳ ಪ್ರಕಾರ ನಮ್ಮ ದೇಶದ ಸ್ಟ್ರೀಮಿಂಗ್ ವೇದಿಕೆಗಳು ಪ್ರತಿಯೊಂದಕ್ಕೂ ವಯೋಮಿತಿ ನಮೂದಿಸಬೇಕು. ಆರಂಭದಲ್ಲೇ ಕಾಣುವ ಆ ಗುರುತನ್ನು ನೋಡಿ. ಸೌತ್ ಪಾರ್ಕ್, ಫ್ಯಾಮಿಲಿ ಗೈ, ಮಾರಲ್ ಓರೆಲ್ ಮೂರೂ ಹತ್ತರ ಹುಡುಗಿಗೆ ಸಲ್ಲ, ಧರ್ಮದ ಕಾರಣಕ್ಕಲ್ಲ, ಅವುಗಳ ಹಿಂಸೆ ಮತ್ತು ಲೈಂಗಿಕ ಮಾತುಗಳ ಕಾರಣಕ್ಕೆ. ಇಂಜಿನಿಯರಿಂಗ್ ಓದುವ ಮಗನನ್ನು ತಡೆಯುವುದು ನಿಮ್ಮ ಕೈಯಲ್ಲಿಲ್ಲ, ಅವನ ಫೋನ್ ಅವನ ಜೇಬಿನಲ್ಲಿದೆ. ಅವನ ಹಿಂದೆ ನಿಲ್ಲುವ ಬದಲು ಪಕ್ಕದಲ್ಲಿ ಕೂರಿ.

ಮೊದಲಿಗೆ ಸಿಂಪ್ಸನ್ಸ್‌ನ 2005ರ ಒಂದು ಕಂತು ನೋಡಿ. ಅದು ಏಪ್ರಿಲ್ 10ರಂದು ಬರಬೇಕಿತ್ತು. ಪೋಪ್ ಎರಡನೆಯ ಜಾನ್ ಪಾಲ್ ಅವರು ಏಪ್ರಿಲ್ 2ರಂದು ತೀರಿಕೊಂಡಿದ್ದರಿಂದ ವಾಹಿನಿ ಅದನ್ನು ಮೇ 15ಕ್ಕೆ ಮುಂದೂಡಿತು. ಅದರಲ್ಲಿ ಬಾರ್ಟ್ ಕಥೋಲಿಕ ಶಾಲೆಗೆ ಸೇರುತ್ತಾನೆ, ಐರಿಷ್ ಗುರು ಫಾದರ್ ಶಾನ್ ಅವನ ಮನಸ್ಸು ಗೆಲ್ಲುತ್ತಾರೆ, ಜಗಳಕ್ಕೆ ಹೋದ ಹೋಮರ್ ಕೂಡ ಮತಾಂತರಕ್ಕೆ ತಯಾರಾಗುತ್ತಾನೆ. ಮಾರ್ಜ್‌ಗೆ ದಿಗಿಲು, ಗಂಡ ಮಗ ಬೇರೆ ಸ್ವರ್ಗಕ್ಕೆ ಹೋದರೆ ತನ್ನ ಗತಿಯೇನು ಎಂದು. ಅವಳ ಕಲ್ಪನೆಯಲ್ಲಿ ಪ್ರೊಟೆಸ್ಟಂಟರ ಸ್ವರ್ಗದಲ್ಲಿ ಜನ ಅಚ್ಚುಕಟ್ಟಾಗಿ ಉಡುಪು ತೊಟ್ಟು ಹುಲ್ಲುಹಾಸಿನ ಮೇಲೆ ಸದ್ದಿಲ್ಲದೆ ಆಟವಾಡುತ್ತಿದ್ದಾರೆ. ಪಕ್ಕದ ಕಥೋಲಿಕ ಸ್ವರ್ಗದಲ್ಲಿ ಇಟಲಿಯವರು, ಮೆಕ್ಸಿಕೋದವರು, ಐರಿಷರು ಉಂಡು ಕುಡಿದು ಕುಣಿಯುತ್ತಿದ್ದಾರೆ. ಯೇಸು ಎಲ್ಲಿ ಎಂದು ಕೇಳಿದರೆ, ಅವನೂ ಆ ಕಡೆಗೇ ಹೋಗಿಬಿಟ್ಟಿದ್ದಾನೆ. ಆ ಗದ್ದಲದಲ್ಲಿ ಇಡ್ಲಿಯಂಥ ಸಾನ್ನಾಂ ಬಡಿಸುತ್ತಿರುವ ಮಂಗಳೂರಿನವರು ಮಾತ್ರ ಚಿತ್ರ ಬರೆದವರ ಕಣ್ಣಿಗೆ ಬಿದ್ದಿಲ್ಲ. ಮಗನಿಗೆ ಅದನ್ನು ತೋರಿಸಿಕೊಡಲು ನೀವು ಪಕ್ಕದಲ್ಲಿರಬೇಕು.